ಇಬ್ಬರ ನಡಿಗೆಗೆ ಒಲಿಯುವ ಕಲ್ಯಾಣ

ಬಸವಕಲ್ಯಾಣ ಮತ್ತು ಹುಮನಾಬಾದ್ ಬೀದರ್ ಜಿಲ್ಲೆಯ ಎರಡು ತಾಲ್ಲೂಕು ಕೇಂದ್ರಗಳು. ಒಂದು ಊರಿನಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಇಲ್ಲಿಗೆ ಬರುವ ಹೆಚ್ಚಿನ ಪ್ರವಾಸಿಗರು ಬೆಳಿಗ್ಗೆ ಅನುಭವ ಮಂಟಪ, ಮಧ್ಯಾಹ್ನ ಕೋಟೆ, ಸಂಜೆ ಮಾಣಿಕನಗರ ನೋಡಿ ರಾತ್ರಿಯ ಹೊತ್ತಿಗೆ ಬೀದರ್ ಅಥವಾ ಕಲಬುರಗಿ ಸೇರಿಕೊಳ್ಳುತ್ತಾರೆ. ಇದೇ ದಾರಿಗೆ ನಾಲ್ಕೈದು ದಿನ ಕೊಟ್ಟು, ಒಂದೇ ಕಡೆ ಉಳಿದು, ನಡೆದಾಡಿ, ಊರಿನವರ ಜೊತೆ ಉಂಡು ಮಾತಾಡಿ ಬರುವ ಕ್ರಮವನ್ನು ನಿಧಾನ ಪ್ರವಾಸ ಎನ್ನುತ್ತಾರೆ. ಮಕ್ಕಳು ದೊಡ್ಡವರಾದ ದಂಪತಿಗೆ, ಹೊಸದಾಗಿ ಮದುವೆಯಾದ ಜೋಡಿಗೆ, ನಿವೃತ್ತರಿಗೆ ಈ ಕ್ರಮ ಚೆನ್ನಾಗಿ ಹೊಂದುತ್ತದೆ. ಬಸವಕಲ್ಯಾಣಕ್ಕಂತೂ ಇದಕ್ಕಿಂತ ತಕ್ಕ ಕ್ರಮ ಬೇರೊಂದಿಲ್ಲ. ಇಲ್ಲಿನ ನೋಡತಕ್ಕ ಜಾಗಗಳು ಒಂದೇ ಆವರಣದಲ್ಲಿ ಸಿಗುವುದಿಲ್ಲ. ಗವಿ, ಕೆರೆ, ಓಣಿ, ಹಳ್ಳಿ, ಹೊಲಗಳಲ್ಲಿ ಅವು ಚದುರಿಕೊಂಡಿವೆ.

ನಿಧಾನದ ಹಿನ್ನೆಲೆ

ನಿಧಾನಕ್ಕೆ ಒಂದು ಚಳವಳಿಯ ರೂಪ ಬಂದದ್ದು ಊಟದ ಮೂಲಕ. 1986ರಲ್ಲಿ ರೋಮ್ ನಗರದ ಹಳೆಯ ಚೌಕವೊಂದರ ಬಳಿ ಅಮೆರಿಕದ ದಿಢೀರ್ ತಿನಿಸಿನ ಅಂಗಡಿ ಬಾಗಿಲು ತೆರೆದಾಗ ಇಟಲಿಯ ಕಾರ್ಲೊ ಪೆತ್ರಿನಿ ಮತ್ತು ಅವರ ಸಂಗಡಿಗರು ಅದನ್ನು ವಿರೋಧಿಸಿದರು. ಸ್ಥಳೀಯ ಬೆಳೆ, ಸ್ಥಳೀಯ ಅಡುಗೆ, ಸಾವಕಾಶದ ಊಟ ಉಳಿಯಬೇಕೆಂಬುದು ಅವರ ವಾದ. 1989ರಲ್ಲಿ ಪ್ಯಾರಿಸ್‌ನಲ್ಲಿ 'ಸ್ಲೋ ಫುಡ್' ಚಳವಳಿಯ ಪ್ರಣಾಳಿಕೆ ಹೊರಬಂತು. 1999ರಲ್ಲಿ ಇಟಲಿಯ ಕೆಲವು ಸಣ್ಣ ಪಟ್ಟಣಗಳು ಸೇರಿ 'ನಿಧಾನ ಪಟ್ಟಣ'ಗಳ ಕೂಟ ಕಟ್ಟಿಕೊಂಡವು. ಪ್ರವಾಸಕ್ಕೂ ಇದೇ ವಿಚಾರ ಹಬ್ಬಿತು.

ಕಾಫಿ ಬೆಳೆಯುವ ಊರುಗಳು ಈ ಬಗೆಯ ಪ್ರವಾಸಕ್ಕೆ ಬೇಗ ಹೆಸರಾದವು. ಫಿಲಿಪ್ಪೀನ್ಸ್‌ನ ಕವೀಟೆ ಪ್ರಾಂತ್ಯದ ಅಮಡೆಯೊ ಅಂಥದೊಂದು ಊರು. ಕವೀಟೆ ಮತ್ತು ನೆರೆಯ ಬಟಾಂಗಾಸ್ ಪ್ರಾಂತ್ಯಗಳಲ್ಲಿ ಬೆಳೆಯುವ ಲಿಬೆರಿಕಾ ತಳಿಯ ಕಾಫಿಗೆ ಅಲ್ಲಿ 'ಬರಾಕೊ' ಎಂದು ಹೆಸರು. ತೋಟ ಸುತ್ತಿ, ಬೀಜ ಹುರಿಯುವುದನ್ನು ಕಂಡು, ಅಲ್ಲಿಯೇ ಕುಳಿತು ಕಾಫಿ ಕುಡಿಯುವುದಕ್ಕೆಂದೇ ಜನ ಹೋಗುತ್ತಾರೆ. ಕರ್ನಾಟಕದಲ್ಲಿ ಚಿಕ್ಕಮಗಳೂರು ಮತ್ತು ಕೊಡಗಿನ ಹೋಂಸ್ಟೇಗಳು ಇದೇ ಕೆಲಸ ಮಾಡುತ್ತಿವೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವ ರಾಜ್ಯ ಇದು.

ಬೀದರಿನ ನೆಲದಲ್ಲಿ ಕಾಫಿ ಗಿಡವಿಲ್ಲ. ಇದು ತೊಗರಿ, ಬಿಳಿಜೋಳ, ಕಡಲೆ, ಉದ್ದು, ಹೆಸರು, ಸೋಯಾ ಬೆಳೆಯುವ ನಾಡು, ನೀರಿದ್ದಲ್ಲಿ ಕಬ್ಬು. ಬಂದವರಿಗೆ ಕಾಫಿಯ ಬದಲು ಕಡಕ್ ಚಾ ಸಿಗುತ್ತದೆ. ಕಾಫಿ ತೋಟಕ್ಕೆ ಬೇಲಿಯೂ ಗೇಟೂ ಇರುತ್ತವೆ. ಇಲ್ಲಿನ ಹೊಲ ಬಯಲಿಗೆ ಬಯಲಾಗಿ ಹರಡಿಕೊಂಡಿದೆ. ಬದುವಿನ ಮೇಲೆ ನಡೆದು ಬಂದವರನ್ನು 'ಬರ್ರಿ, ಕುಂದರ್ರಿ' ಎಂದು ಕರೆಯುವುದು ಇಲ್ಲಿನವರ ವಾಡಿಕೆ.

ದಂಪತಿಗಳು ಕಟ್ಟಿದ ಊರು

ಬಸವಕಲ್ಯಾಣದ ಹಳೆಯ ಹೆಸರು ಕಲ್ಯಾಣ. 11ನೇ ಶತಮಾನದ ನಡುವಿನಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ, ಅಂದರೆ ಇಂದಿನ ಮಳಖೇಡದಿಂದ, ಇಲ್ಲಿಗೆ ತಂದನು. ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿ ತನ್ನದೇ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದನು. ಕಾಶ್ಮೀರದ ಕವಿ ಬಿಲ್ಹಣ ಈ ಆಸ್ಥಾನಕ್ಕೆ ಬಂದು 'ವಿಕ್ರಮಾಂಕದೇವಚರಿತ' ಬರೆದನು. ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ರಚಿಸಿದ್ದೂ ಇದೇ ಕಾಲದಲ್ಲಿ. ಬಂಗಾಳದ ಭಾಗವನ್ನು ಬಿಟ್ಟರೆ ದೇಶದ ಬಹುಪಾಲು ಕಡೆ ಹಿಂದೂ ಉತ್ತರಾಧಿಕಾರದ ನಿಯಮಗಳಿಗೆ ಅದೇ ಆಧಾರವಾಯಿತು. ಮುಂದಿನ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ರಾಜನೀತಿಯಿಂದ ಹಿಡಿದು ಸಂಗೀತ ಮತ್ತು ಅಡುಗೆಯವರೆಗೆ ವಿವರಿಸುವ ವಿಶ್ವಕೋಶ. ಇಡ್ಲಿ, ದೋಸೆ, ವಡೆಗಳ ಪೂರ್ವರೂಪಗಳು ಅದರ ಊಟದ ಅಧ್ಯಾಯದಲ್ಲಿವೆ.

ಆದರೆ ಈ ಊರು ಕನ್ನಡಿಗರ ಮನಸ್ಸಿನಲ್ಲಿ ಉಳಿದಿರುವುದು ಅರಸರಿಗಿಂತ ಹೆಚ್ಚಾಗಿ ಶರಣರಿಂದ. 12ನೇ ಶತಮಾನದಲ್ಲಿ ಕಲಚುರಿ ಬಿಜ್ಜಳ ಅಧಿಕಾರಕ್ಕೆ ಬಂದಾಗ ಬಸವಣ್ಣ ಅವನ ಭಂಡಾರಿಯಾಗಿದ್ದನು. ಶರಣರು ಕೂಡಿ ಮಾತಾಡುತ್ತಿದ್ದ ಅನುಭವ ಮಂಟಪದ ಸುದ್ದಿ ಕೇಳಿ ದೂರದೂರದಿಂದ ಜನ ನಡೆದು ಬಂದರು. ಹೀಗೆ ಬಂದವರಲ್ಲಿ ಗಂಡ ಹೆಂಡತಿಯರ ಜೋಡಿಗಳು ಬಹಳ.

ಕಾಶ್ಮೀರದ ಅರಸು ದಂಪತಿ ರಾಜ್ಯ ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆ ಮಾರಿ ಬದುಕಿದರೆಂದು ಶರಣ ಪರಂಪರೆ ಹೇಳುತ್ತದೆ. ಅವರೇ ಮೋಳಿಗೆ ಮಾರಯ್ಯ ಮತ್ತು ಮಹಾದೇವಿ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಈಗಿನ ರಾಯಚೂರು ಸೀಮೆಯಿಂದ ಬಂದ ಆಯ್ದಕ್ಕಿ ಮಾರಯ್ಯನ ಕಾಯಕ ಬಿದ್ದ ಅಕ್ಕಿ ಆಯುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ನಮಗೆ ಬೇಕಾದಷ್ಟೇ ಸಾಕೆಂದು ಉಳಿದದ್ದನ್ನು ತಂದಲ್ಲಿಗೇ ಹಿಂದಿರುಗಿಸಿದಳು. ಇಬ್ಬರ ವಚನಗಳೂ ಉಳಿದಿವೆ. ಮಾರಯ್ಯನ ಅಂಕಿತ 'ಅಮರೇಶ್ವರಲಿಂಗ'. ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಗಂಡನ ಹೆಸರನ್ನು ಅಂಕಿತದಲ್ಲಿ ಇಟ್ಟುಕೊಂಡವಳೇ ವಚನದಲ್ಲಿ ಗಂಡನನ್ನು ತಿದ್ದುತ್ತಾಳೆ. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದುಕೆ ಮಾಡಿದರೆಂಬ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು.

ಕಲ್ಯಾಣದ ಚರಿತ್ರೆ ತಿರುಗಿದ್ದೂ ಒಂದು ಜೋಡಿಯ ಸುತ್ತ. ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಜಾತಿಯ ಗೋಡೆ ದಾಟಿದ ಈ ಸಂಬಂಧವನ್ನು ಸಹಿಸದವರ ಒತ್ತಾಯಕ್ಕೆ ಬಿಜ್ಜಳ ಇಬ್ಬರು ತಂದೆಯರಿಗೂ ಕ್ರೂರ ಶಿಕ್ಷೆ ಕೊಟ್ಟನು. ಬಿಜ್ಜಳನ ಕೊಲೆಯಾಯಿತು, ಶರಣರು ವಚನಗಳ ಕಟ್ಟು ಹೊತ್ತು ಉಳವಿ ಮುಂತಾದ ಕಡೆಗಳಿಗೆ ಚದುರಿದರು. ಇಬ್ಬರಾಗಿ ಬರುವ ಪ್ರವಾಸಿಗರು ಈ ಹಿನ್ನೆಲೆ ತಿಳಿದು ಊರಿಗೆ ಕಾಲಿಟ್ಟರೆ ಇಲ್ಲಿನ ಪ್ರತಿ ಗವಿಯೂ ಒಂದು ಮನೆಯಾಗಿ ಕಾಣುತ್ತದೆ.

ಕಲ್ಯಾಣದಲ್ಲಿ ಎರಡು ದಿನ

ಮೊದಲ ದಿನವನ್ನು ತ್ರಿಪುರಾಂತ ಕೆರೆಯಿಂದ ಆರಂಭಿಸುವುದು ಒಳ್ಳೆಯದು. ಬೆಳಗಿನ ಹೊತ್ತು ದಂಡೆಯ ಮೇಲೆ ನಡೆಯಲು ತಂಪು. ಶರಣರ ನೆನಪಿನ ಜಾಗಗಳು ಈ ಕೆರೆಯ ಸುತ್ತಮುತ್ತಲೂ ಪಟ್ಟಣದ ಒಳಗೂ ಹರಡಿವೆ: ಬಸವಣ್ಣನ ಅಕ್ಕ ನಾಗಮ್ಮನ ಗವಿ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಗವಿ, ಬಟ್ಟೆ ಒಗೆಯುತ್ತಿದ್ದ ಮಡಿವಾಳ ಮಾಚಯ್ಯನ ಹೊಂಡ, ಹರಳಯ್ಯನ ಗವಿ, ಪರುಷಕಟ್ಟೆ. ಗವಿಗಳು ಚಿಕ್ಕವು, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಕಾಯಕದ ಹೆಸರಿನಿಂದಲೇ ಗುರುತಾಗುವ ಈ ಜಾಗಗಳನ್ನು ಒಂದರ ನಂತರ ಒಂದು ನಡೆದು ನೋಡಿದಾಗ, ಅನುಭವ ಮಂಟಪ ಎಂಬುದು ಹಗ್ಗ ಹೊಸೆಯುವವರ, ಬಟ್ಟೆ ಒಗೆಯುವವರ, ಚಪ್ಪಲಿ ಹೊಲಿಯುವವರ ಕೂಟವಾಗಿತ್ತು ಎಂಬ ಮಾತು ಕಣ್ಣಿಗೆ ಕಟ್ಟುತ್ತದೆ. 2005ರಲ್ಲಿ ರಚನೆಯಾದ ಬಸವಕಲ್ಯಾಣ ಅಭಿವೃದ್ಧಿ ಮಂಡಳಿ ಈ ಸ್ಮಾರಕಗಳನ್ನು ದುರಸ್ತಿ ಮಾಡಿ ದಾರಿ ಒದಗಿಸಿದೆ.

ಈಗ ಕಾಣುವ ಅನುಭವ ಮಂಟಪದ ಕಟ್ಟಡ 20ನೇ ಶತಮಾನದ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಮನೆಮನೆ ತಿರುಗಿ ಭಕ್ತರ ಕಾಣಿಕೆಯಿಂದ ಅದನ್ನು ಕಟ್ಟಿಸಿದರು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರೆಂದು ಗಡಿನಾಡು ಅವರನ್ನು ನೆನೆಯುತ್ತದೆ. ಇದರ ಸಮೀಪದಲ್ಲೇ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿತ್ತು. 770 ಅಮರಗಣಂಗಳ, ಅಂದರೆ ಶರಣರ, ನೆನಪಿಗೆ 770 ಕಂಬಗಳು ಅದರ ವಿನ್ಯಾಸದಲ್ಲಿವೆ. ಪಟ್ಟಣದ ಹೊರವಲಯದಲ್ಲಿ ಬಸವ ಧರ್ಮ ಪೀಠದವರು ನಿಲ್ಲಿಸಿರುವ 108 ಅಡಿ ಎತ್ತರದ ಬಸವಣ್ಣನ ಪ್ರತಿಮೆ ದೂರದಿಂದಲೇ ಕಾಣುತ್ತದೆ.

ಎರಡನೆಯ ದಿನ ಕೋಟೆಗೆ. ಸುತ್ತಲಿನ ಗುಡ್ಡಗಳ ಮರೆಯಲ್ಲಿ ಕಟ್ಟಿದ್ದರಿಂದ ಈ ಕೋಟೆ ಹತ್ತಿರ ಬರುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಶತ್ರುವಿಗೆ ಸುಳಿವು ಸಿಗದಿರಲೆಂಬುದೇ ಇದರ ಉಪಾಯ. ಚಾಲುಕ್ಯರ ಕಾಲದ ನೆಲೆಯ ಮೇಲೆ ಬಹಮನಿಗಳೂ ಅವರ ನಂತರ ಬಂದವರೂ ಗೋಡೆ, ಬುರುಜು, ಮಹಲುಗಳನ್ನು ಸೇರಿಸಿದರು. ಬೀದರಿನ ಬರೀದಶಾಹಿ, ವಿಜಯಪುರದ ಆದಿಲಶಾಹಿ, ಮೊಘಲರು ಇದನ್ನು ಹಿಡಿದಿದ್ದಾರೆ. ನಿಜಾಮರ ಕಾಲದಲ್ಲಿ ಕಲ್ಯಾಣಿಯ ನವಾಬರಿಗೆ ಇದು ಜಾಗೀರು. ಒಳಗಿನ ವಸ್ತುಸಂಗ್ರಹಾಲಯದಲ್ಲಿ ಸುತ್ತಲಿನ ಊರುಗಳಲ್ಲಿ ಸಿಕ್ಕ ಚಾಲುಕ್ಯ ಕಾಲದ ಶಿಲ್ಪಗಳಿವೆ. ಜೈನ ಮೂರ್ತಿಗಳೂ ಇವೆ. ಕೋಟೆಗೆ ಗಂಟೆ ನೋಡದೆ ಅರ್ಧ ದಿನ ಕೊಡಬೇಕು.

ಮಧ್ಯಾಹ್ನದ ಮೇಲೆ ಪಟ್ಟಣದ ಓಣಿಗಳಲ್ಲಿ ತಿರುಗಾಡಬಹುದು. ಬಸವೇಶ್ವರ ದೇವಸ್ಥಾನ, ಗಚ್ಚಿನ ಮಠ, ರಾಜಾ ಬಾಗ್ ಸವಾರ್ ದರ್ಗಾ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಅಂಗಡಿಯ ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತರೆ ಕನ್ನಡ, ದಖ್ಖನಿ ಉರ್ದು, ಮರಾಠಿ, ಲಂಬಾಣಿ ನಾಲ್ಕೂ ಕಿವಿಗೆ ಬೀಳುತ್ತವೆ. ಇಲ್ಲಿನ ಗಿರಾಕಿ ಮತ್ತು ಅಂಗಡಿಯವ ಒಂದು ಮಾತನ್ನು ಉರ್ದುವಿನಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸುವುದು ದಿನನಿತ್ಯದ ಸಂಗತಿ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ಬೀದರಿನ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಬಂತು. ನಿಜಾಮರ ಕಾಲದಲ್ಲಿ ಕಲ್ಯಾಣಿ ಎನಿಸಿದ್ದ ಊರು ಬಸವಕಲ್ಯಾಣವಾಯಿತು. 2019ರಲ್ಲಿ ಇಡೀ ಹೈದರಾಬಾದ್ ಕರ್ನಾಟಕಕ್ಕೆ 'ಕಲ್ಯಾಣ ಕರ್ನಾಟಕ' ಎಂಬ ಹೆಸರು ಬಂದದ್ದು ಈ ಪಟ್ಟಣದಿಂದ.

ನಡುದಾರಿಯ ಹಳ್ಳಿಗಳು

ಮೂರನೆಯ ದಿನ ಹಳ್ಳಿಗಳಿಗೆ ಮೀಸಲು. ಬಸವಕಲ್ಯಾಣಕ್ಕೆ ತೀರ ಹತ್ತಿರದ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವ ದೇವಾಲಯವಿದೆ. ಹೊರಗೋಡೆಯ ಮೇಲಿನ ಮದನಿಕೆಯರ ಶಿಲ್ಪಗಳನ್ನು ಬಿಸಿಲು ಬದಲಾದಂತೆ ಎರಡು ಸಲ ನೋಡಬೇಕು: ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಉಮಾಪುರದ ದೇವಾಲಯವೂ ಇದೇ ಕಾಲದ್ದು. ರಾಜಧಾನಿಯ ಅರಮನೆಗಳು ಮಣ್ಣಾದರೂ ಸುತ್ತಲಿನ ಹಳ್ಳಿಗಳಲ್ಲಿ ಉಳಿದ ಇಂಥ ಗುಡಿಗಳಿಂದಲೇ ಚಾಲುಕ್ಯ ಶಿಲ್ಪಿಗಳ ಕೈಚಳಕ ತಿಳಿಯುತ್ತದೆ.

ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮ ಬೇರೆ ಬಗೆಯ ನೆನಪಿನದು. 1948ರ ಮೇ ತಿಂಗಳಲ್ಲಿ ನಿಜಾಮನ ಪರವಾಗಿದ್ದ ರಜಾಕಾರರು ಇಲ್ಲಿ ನಡೆಸಿದ ಹತ್ಯಾಕಾಂಡದಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ಅವರ ಸ್ಮರಣೆಗೆ ಊರಿನಲ್ಲಿ ಸ್ಮಾರಕವಿದೆ. ಅಲ್ಲಿ ಫೋಟೊ ತೆಗೆಯುವ ಆತುರ ಬೇಡ. ಹಿರಿಯರು ತಾವಾಗಿ ಮಾತಾಡಿದರೆ ಕೇಳುವುದು, ಇಲ್ಲದಿದ್ದರೆ ಸುಮ್ಮನೆ ನಿಂತು ಬರುವುದು ಯೋಗ್ಯ.

ಹುಮನಾಬಾದ್ ತಾಲ್ಲೂಕಿನ ಮೊಳಕೇರಾ ಮೋಳಿಗೆ ಮಾರಯ್ಯ ಮತ್ತು ಮಹಾದೇವಿಯ ನೆನಪಿನ ಊರು. ಕಾಶ್ಮೀರದಿಂದ ಬಂದ ದಂಪತಿಯ ದಾರಿ ಇಲ್ಲಿ ಕೊನೆಯಾಯಿತೆಂದು ಜನ ನಂಬುತ್ತಾರೆ. ಅಷ್ಟು ದೂರ ನಡೆದವರು ಎಲ್ಲಿಗೂ ಹಿಂದಿರುಗಲಿಲ್ಲ; ಈ ಕರಿಮಣ್ಣಿನಲ್ಲೇ ಉಳಿದರು.

ಹುಮನಾಬಾದ್ ಮತ್ತು ಮಾಣಿಕನಗರ

ಹುಮನಾಬಾದ್ ಹೆದ್ದಾರಿಗಳ ಊರು. ಪುಣೆ, ಸೊಲ್ಲಾಪುರ, ಹೈದರಾಬಾದ್ ಮೂಲಕ ಮಚಲೀಪಟ್ಟಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಮತ್ತು ಬೀದರ್, ಕಲಬುರಗಿ, ವಿಜಯಪುರದ ಮೂಲಕ ಚಿತ್ರದುರ್ಗಕ್ಕೆ ಸಾಗುವ ಹೆದ್ದಾರಿ 50 ಇಲ್ಲಿ ಸೇರುತ್ತವೆ. ಲಾರಿಗಳ ಸದ್ದಿನಿಂದ ಒಳಗೆ ಸರಿದರೆ ವೀರಭದ್ರೇಶ್ವರ ದೇವಸ್ಥಾನ ಸಿಗುತ್ತದೆ. ಜನವರಿಯಲ್ಲಿ ನಡೆಯುವ ಇದರ ಜಾತ್ರೆಗೆ ಕರ್ನಾಟಕದ ಜೊತೆಗೆ ಮಹಾರಾಷ್ಟ್ರ, ತೆಲಂಗಾಣಗಳಿಂದಲೂ ಭಕ್ತರು ಬರುತ್ತಾರೆ.

ಪಟ್ಟಣದ ಮಗ್ಗುಲಲ್ಲೇ ಇರುವ ಮಾಣಿಕನಗರದಲ್ಲಿ ಒಂದು ರಾತ್ರಿ ಉಳಿಯಬೇಕು. ಮಾಣಿಕಪ್ರಭು 1817ರಲ್ಲಿ ದತ್ತ ಜಯಂತಿಯಂದು ಬಸವಕಲ್ಯಾಣ ಸೀಮೆಯ ಲಾಡವಂತಿಯಲ್ಲಿ ಹುಟ್ಟಿದರು. 1845ರಲ್ಲಿ ಹಳ್ಳಗಳು ಕೂಡುವ ಈ ಜಾಗದಲ್ಲಿ ನೆಲೆ ನಿಂತು, 1865ರಲ್ಲಿ ಸಮಾಧಿ ಹೊಂದಿದರು. ಎಲ್ಲ ಮತಗಳೂ ಒಂದೇ ಸತ್ಯವನ್ನು ಅರಸುತ್ತವೆ ಎಂಬುದು ಅವರು ಸ್ಥಾಪಿಸಿದ ಸಕಲಮತ ಸಂಪ್ರದಾಯದ ತಿರುಳು. ಅವರ ಪದಗಳು ಮರಾಠಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿವೆ. ಡಿಸೆಂಬರಿನ ದತ್ತ ಜಯಂತಿಯ ದಿನಗಳಲ್ಲಿ ಇಲ್ಲಿ ದರ್ಬಾರು ನಡೆಯುತ್ತದೆ. ಹಿಂದೂಸ್ತಾನಿ ಸಂಗೀತದ ಕಲಾವಿದರು ಇಲ್ಲಿ ಹಾಡುವುದನ್ನು ಸೇವೆಯೆಂದು ಭಾವಿಸುತ್ತಾರೆ. ಉತ್ಸವವಿಲ್ಲದ ದಿನಗಳಲ್ಲಿ ಇಲ್ಲಿನ ಅಂಗಳದ ಮೌನಕ್ಕೂ ಅಷ್ಟೇ ಬೆಲೆಯಿದೆ.

ಹುಮನಾಬಾದಿನಿಂದ ಹತ್ತು ಕಿಲೊಮೀಟರ್ ಆಸುಪಾಸಿನ ಜಲಸಂಗಿಯಲ್ಲಿ ಈ ಸೀಮೆಯ ಅತ್ಯುತ್ತಮ ಶಿಲ್ಪವಿದೆ. ಬೆನ್ನು ತೋರಿಸಿ ಬಳುಕಿ ನಿಂತ ಶಿಲಾಬಾಲಿಕೆಯೊಬ್ಬಳು ಅಕ್ಷರ ಬರೆಯುತ್ತಿದ್ದಾಳೆ. ಅವಳು ಬರೆದಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಸಾಲುಗಳು. ಒಂಬತ್ತು ಶತಮಾನಗಳ ಹಿಂದೆ, ಅಕ್ಷರ ಬಲ್ಲ ಹೆಣ್ಣನ್ನು ಶಿಲ್ಪಿ ಗುಡಿಯ ಗೋಡೆಯ ಮೇಲೆ ನಿಲ್ಲಿಸಿದನು. ಇದಾದ ಕೆಲವೇ ದಶಕಗಳಲ್ಲಿ ಇದೇ ಸೀಮೆಯ ಕಲ್ಯಾಣದಲ್ಲಿ ಲಕ್ಕಮ್ಮ, ಮಹಾದೇವಿಯರು ತಮ್ಮ ಮಾತನ್ನು ತಮ್ಮದೇ ಅಂಕಿತದಲ್ಲಿ ಹೇಳಿದರು.

ಹೊಲ, ಊಟ, ಋತು

ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ದಿನಗಳು ಈ ಪ್ರವಾಸಕ್ಕೆ ಸರಿಯಾದವು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಡೆಯುವುದು ಕಷ್ಟ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರಿನ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನೆರೆಯ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹಿಂಗಾರಿನ ಬಿಳಿಜೋಳಕ್ಕೆ ಮಳೆಗಿಂತ ಹೆಚ್ಚಾಗಿ ಕರಿಮಣ್ಣು ಹಿಡಿದಿಟ್ಟ ತೇವವೇ ಆಧಾರ. ಜನವರಿಯಲ್ಲಿ ಜೋಳ ಹಾಲುಗಾಳಾದಾಗ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದ ಸೀತನಿ ತಿನ್ನಲು ನೆಂಟರಿಷ್ಟರು ಹೊಲಕ್ಕೆ ಬರುತ್ತಾರೆ. ಉಪ್ಪು ಹಾಕಿ ಬೇಯಿಸಿದ ತೊಗರಿಕಾಯಿ, ಹಸಿ ಕಡಲೆಯ ಸುಲಗಾಯಿ ಆಗಿನ ತಿನಿಸು.

ದಂಪತಿಯ ಪ್ರವಾಸಕ್ಕೆ ಎಳ್ಳಮಾವಾಸ್ಯೆಗಿಂತ ಒಳ್ಳೆಯ ದಿನವಿಲ್ಲ. ಬೀದರ್ ಜಿಲ್ಲೆಯಲ್ಲಿ ಆ ದಿನ ಪಟ್ಟಣಗಳು ಖಾಲಿಯಾಗಿ ಹೊಲಗಳು ತುಂಬುತ್ತವೆ. ಜೋಳದ ದಂಟಿನ ಕೊಂಪೆ ಕಟ್ಟಿ, ಅದರೊಳಗೆ ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ಸುತ್ತ ಚರಗ ಚೆಲ್ಲುತ್ತಾರೆ. ಹಸಿ ಕಾಳುಗಳು, ಸೊಪ್ಪು, ತರಕಾರಿ ಸೇರಿಸಿ ಮಾಡಿದ ಭಜ್ಜಿ, ಸಜ್ಜೆ ರೊಟ್ಟಿ, ಮಡಕೆಯ ಅಂಬಲಿ ಆ ದಿನದ ಊಟ. ದಾರಿಯಲ್ಲಿ ಹೋಗುವ ಅಪರಿಚಿತರನ್ನೂ ಕರೆದು ಉಣ್ಣಿಸುತ್ತಾರೆ. ಉಣ್ಣದೆ ಹೋದರೆ ಬೇಸರಪಡುತ್ತಾರೆ. ಉಳಿದ ದಿನಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಎಲ್ಲ ಖಾನಾವಳಿಗಳಲ್ಲೂ ಸಿಗುತ್ತವೆ. ಒಣಗಿಸಿದ ಖಡಕ್ ರೊಟ್ಟಿಯನ್ನು ಕಟ್ಟಿಸಿಕೊಂಡು ಬಂದರೆ ಮನೆಯಲ್ಲೂ ಹಲವು ದಿನ ಉಳಿಯುತ್ತದೆ.

ಹೋಗುವುದು, ಇರುವುದು

ಬೀದರ್ ಮತ್ತು ಕಲಬುರಗಿ ನಡುವಿನ ಸುಮಾರು 110 ಕಿಲೊಮೀಟರ್ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು; ಅದು ಹುಮನಾಬಾದಿನ ಮೂಲಕ ಹಾದುಹೋಗುತ್ತದೆ. ಬಸವಕಲ್ಯಾಣಕ್ಕೆ ರೈಲಿಲ್ಲ, ಹುಮನಾಬಾದಿನಿಂದ ಬಸ್ ಹಿಡಿಯಬೇಕು. ಹೆದ್ದಾರಿಯ ಸಸ್ತಾಪುರ ಬಂಗ್ಲಾ ಬಳಿ ತಿರುಗಿದರೆ ಪಟ್ಟಣ ಸಿಗುತ್ತದೆ. ವಸತಿಗೆ ಎರಡೂ ಪಟ್ಟಣಗಳಲ್ಲಿ ಲಾಡ್ಜುಗಳಿವೆ. ಧಾರ್ಮಿಕ ಸಂಸ್ಥೆಗಳು ಭಕ್ತರಿಗೆ ಕೋಣೆ ಕೊಡುತ್ತವೆ. ದಾಸೋಹದಲ್ಲಿ ಉಂಡವರು ಕೈಲಾದ ಕಾಣಿಕೆ ಹಾಕಿ ಬರುವುದು ಮರ್ಯಾದೆ. ಹಳ್ಳಿಗಳಿಗೆ ಹೋಗುವಾಗ ಬಸ್ಸು ಅಥವಾ ಆಟೊ ಸಾಕು. ಆಟೊದವರೇ ಬಹಳ ಸಲ ಒಳ್ಳೆಯ ಮಾರ್ಗದರ್ಶಿಗಳು. ಮನೆಯವರು ಕರೆದಾಗ ಹೆಂಗಸರನ್ನು ಅಕ್ಕಾ, ಆಯಿ ಎಂದೂ ಗಂಡಸರನ್ನು ಅಣ್ಣಾ, ಕಾಕಾ ಎಂದೂ ಕರೆದರೆ ಮಾತು ಸಲೀಸು.

ನಿಧಾನ ಪ್ರವಾಸದಿಂದ ಊರಿಗೂ ಲಾಭವಿದೆ. ಒಂದು ಗಂಟೆ ನಿಲ್ಲುವ ಕಾರಿನಿಂದ ಸ್ಥಳೀಯರಿಗೆ ಸಿಗುವುದು ಪಾರ್ಕಿಂಗ್ ದುಡ್ಡು ಮಾತ್ರ. ನಾಲ್ಕು ದಿನ ಉಳಿಯುವ ಇಬ್ಬರಿಂದ ಖಾನಾವಳಿಗೆ, ಆಟೊದವರಿಗೆ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ, ಬೇಳೆ ಮಾರುವ ರೈತನಿಗೆ ಕೆಲಸ ಸಿಗುತ್ತದೆ. ಕಾಫಿ ನಾಡಿನಲ್ಲಿ ಹೋಂಸ್ಟೇ ಬೆಳೆದಂತೆ ತೊಗರಿ ನಾಡಿನಲ್ಲಿ ರೈತರ ಮನೆಗಳಲ್ಲೇ ವಸತಿಯ ವ್ಯವಸ್ಥೆ ಬೆಳೆಯಬೇಕು. ನಾರಾಯಣಪುರ, ಜಲಸಂಗಿ, ಮೊಳಕೇರಾಗಳಲ್ಲಿ ಹತ್ತು ಮನೆಗಳು ಮುಂದೆ ಬಂದರೂ ಸಾಕು.

ಲಕ್ಕಮ್ಮ ಗಂಡನಿಗೆ ಹೇಳಿದ್ದು ಬೇಕಾದಷ್ಟು ತಂದರೆ ಸಾಕೆಂದು. ಕಲ್ಯಾಣಕ್ಕೆ ಹೋಗುವವರಿಗೂ ಅದೇ ಮಾತು ಸಲ್ಲುತ್ತದೆ. ದಿನಕ್ಕೆ ಒಂದು ಗವಿ, ಒಂದು ಗುಡಿ, ಒಂದು ಹೊಲ ನೋಡಿ. ಉಳಿದದ್ದನ್ನು ಇನ್ನೊಮ್ಮೆ ಬರಲು ಬಿಟ್ಟು ಬನ್ನಿ.